ಹಾಲಲ್ಲಿ ಹಾಕಿ ಎಂದಿದ್ದೆ

ಪೊನ್ನಂಪೇಟೆಯ ನನ್ನ ದಂತ ಕ್ಲಿನಿಕ್ಕನ್ನು ಮುಚ್ಚುವ ಮೂರು ವರ್ಷ ಮೊದಲಿನ ಮಾತು. ತಿತಿಮತಿಯಿಂದ ಸೀತಮ್ಮ ಎಂಬ ಅಜ್ಜಿ ಎಂಟು ವರ್ಷದ ಮೊಮ್ಮಗಳು ದೀಕ್ಷಾಳನ್ನು ಕರೆತಂದರು. ಹುಡುಗಿ ಬಿದ್ದ ಪೆಟ್ಟಿಗೆ, ಹೊಸದಾಗಿ ಬಂದಿದ್ದ ಮುಂದಿನ ಹಲ್ಲಿನ ಪಲ್ಪ್, ಅಂದರೆ ಒಳಗಿನ ಜೀವಭಾಗ, ಸತ್ತಿತ್ತು. ಬೇರು ಇನ್ನೂ ಪೂರ್ತಿ ಬೆಳೆದಿರಲಿಲ್ಲ. ಅಂಥ ಹಲ್ಲು ಬಹಳ ಕಾಲ ಬಾಳುವುದಿಲ್ಲ.

ನನಗೆ ಪರಿಚಯದ ಸಂಶೋಧಕರು ಆಗ ಒಂದು ಪ್ರಯೋಗ ನಡೆಸುತ್ತಿದ್ದರು. ಮಗುವಿನ ಹಾಲುಹಲ್ಲಿನಲ್ಲಿರುವ ಸ್ಟೆಮ್ ಸೆಲ್‌ಗಳನ್ನು, ಅಂದರೆ ಹೊಸ ಅಂಗಾಂಶವಾಗಿ ಬೆಳೆಯಬಲ್ಲ ಮೂಲಕೋಶಗಳನ್ನು, ಲ್ಯಾಬ್‌ನಲ್ಲಿ ಬೆಳೆಸಿ ಅದೇ ಮಗುವಿನ ಸತ್ತ ಹಲ್ಲಿಗೆ ತುಂಬುವುದು. ಗ್ಯಾರಂಟಿ ಏನೂ ಇರಲಿಲ್ಲ, ಆಸೆಯಿತ್ತು. ದೀಕ್ಷಾಳ ಹಾಲುಹಲ್ಲುಗಳೆಲ್ಲ ಹುಳುಕು. ಅಲುಗಾಡುತ್ತಿದ್ದ ಒಂದೇ ಒಂದು ಹಲ್ಲು ಚೆನ್ನಾಗಿತ್ತು. ಸೋಮವಾರ ಕೀಳುವುದೆಂದು ಗೊತ್ತುಮಾಡಿದೆವು.

ಬಿದ್ದ ಹಲ್ಲನ್ನು ಸಗಣಿಯಲ್ಲಿ ಸುತ್ತಿ ಹೆಂಚಿನ ಮೇಲೆ ಎಸೆಯುವ ಪದ್ಧತಿ ನನಗೆ ಗೊತ್ತಿತ್ತು. ನನ್ನ ಭಯವೆಲ್ಲ ಅದೇ. "ಅಜ್ಜಿ, ಮನೇಲೇ ಬಿದ್ರೆ ಹೆಂಚಿನ ಮೇಲೆ ಎಸೀಬೇಡಿ. ಹಾಲಲ್ಲಿ ಹಾಕಿ ಸೀದಾ ಬನ್ನಿ" ಎಂದು ಮೂರು ಸಲ ಹೇಳಿದೆ.

"ಎಸೆಯುದಿಲ್ಲ ಡಾಕ್ಟ್ರೇ, ನಂಗೆ ಕಿವಿ ಕೇಳ್ತದೆ" ಎಂದು ಅವರು ನಕ್ಕರು.

ಶನಿವಾರ ಬೆಳಿಗ್ಗೆಯೇ ಹಲ್ಲು ಬಿತ್ತು. ಸೀತಮ್ಮ ಮೊಮ್ಮಗಳ ಜೊತೆ ಸಿಕ್ಕಿದ ಜೀಪು ಹತ್ತಿ ಬಂದರು. ಸೆರಗಿನಲ್ಲಿ ಸುತ್ತಿಕೊಂಡಿದ್ದ ಸ್ಟೀಲ್ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಮುಟ್ಟಿದೆ. ಬಿಸಿಯಿತ್ತು.

"ಹಸಿ ಹಾಲಲ್ಲಿ ಕ್ರಿಮಿ ಇರ್ತದಲ್ಲ? ಚೆಂದಕ್ಕೆ ಉಕ್ಕಿಸಿ, ಕುದಿಯುವಾಗಲೇ ಹಲ್ಲು ಹಾಕಿದೆ" ಎಂದರು ಹೆಮ್ಮೆಯಿಂದ.

ಕೋಶಗಳು ಬೆಂದುಹೋಗಿದ್ದವು. ಅವುಗಳನ್ನು ಜೀವಂತ ಇಡುವ ಹಾಲು ತಣ್ಣಗಿರಬೇಕು ಎಂದು ನಾನು ಹೇಳಿಯೇ ಇರಲಿಲ್ಲ. ಆದರೆ ಬಾಯಿಂದ ಬಂದ ಮಾತು ಬೇರೆ: "ಎಂಥ ಕೆಲ್ಸ ಮಾಡಿದ್ರಿ ಅಜ್ಜಿ! ಎಲ್ಲ ಸತ್ತುಹೋಯ್ತು."

ಅವರು ಮೊಮ್ಮಗಳ ಕಡೆ ನೋಡಿ, "ನಾನಾ ಕೊಂದದ್ದು?" ಎಂದರು.

ನಾನು ಫೋನ್ ಮಾಡುವ ನೆಪದಲ್ಲಿ ಒಳಗೆ ಹೋದೆ.

ಸತ್ತ ಮುಂದಿನ ಹಲ್ಲಿನ ಬೇರಿನ ತುದಿಯನ್ನು ಸಿಮೆಂಟಿನಂಥ ಔಷಧದಿಂದ ಮುಚ್ಚಿ ಚಿಕಿತ್ಸೆ ಮುಗಿಸಿದೆ. ಎರಡು ವರ್ಷಕ್ಕೆ ಹಲ್ಲು ಮುರಿಯಿತು. ಈ ಸಲ ದೀಕ್ಷಾಳನ್ನು ಕರೆತಂದದ್ದು ಅವಳ ತಾಯಿ. ಅಜ್ಜಿ ಎಲ್ಲಿ ಎಂದೆ.

"ಅತ್ತೆ ತೀರಿಕೊಂಡ್ರು ಡಾಕ್ಟ್ರೇ. ಇವ್ಳು ನಕ್ಕು ಆ ಹಲ್ಲು ಕಂಡಾಗೆಲ್ಲ ಎದ್ದು ಒಳಗೆ ಹೋಗ್ತಿದ್ರು. ಕೊನೇವರೆಗೂ ಹಾಗೇ."

ಆಕೆಯ ಎದುರು ತಪ್ಪು ನನ್ನದೆಂದು ಒಪ್ಪಿಕೊಂಡೆ. ಮನಸ್ಸು ಹಗುರಾಗಲಿಲ್ಲ, ಇಂದಿಗೂ ಆಗಿಲ್ಲ. ಅರ್ಧ ಮಾತು ಹೇಳಿದ ವೈದ್ಯನೇ ತಪ್ಪಿತಸ್ಥ, ಅದನ್ನು ಚಾಚೂ ತಪ್ಪದೆ ಪಾಲಿಸಿದವರಲ್ಲ. ವೃತ್ತಿ ಕಲಿಸಿದ ಈ ಪಾಠವನ್ನು ಆ ಶನಿವಾರವೇ ಒಂದು ವಾಕ್ಯದಲ್ಲಿ ಹೇಳಿಬಿಡಬಹುದಿತ್ತು. ಸೀತಮ್ಮ ನನ್ನ ಉತ್ತರಕ್ಕಾಗಿ ಬಾಗಿಲ ಬಳಿ ಬಹಳ ಹೊತ್ತು ನಿಂತಿದ್ದರು.