ಹಡಗಿನವರ ಬೆಲ್ಟು, ಲೋಲಾಕ್ಷಿಯ ಬಾಳೆನಾರು

ನಾರಾವಿಯ ಮೊದಲ ಬಸ್ಸು ಹಿಡಿದು ಬರುವ ಲೋಲಾಕ್ಷಿ ಮೂಡುಬಿದಿರೆಯ ಬಸದಿಯೊಂದರ ಗೇಟು ಮುಟ್ಟುವಾಗ ಇನ್ನೂ ಸರಿಯಾಗಿ ಬೆಳಕು ಹರಿದಿರುವುದಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳದ ಕಲ್ಲು ತೊಳೆಯುತ್ತಾರೆ, ಬಾಗಿಲಿನವರೆಗೆ ಸಾಲಾಗಿ ಗೋಣಿ ಹಾಸುತ್ತಾರೆ. ಬಿಸಿಲೇರಿದರೆ ಆ ಕಲ್ಲು ಕಾದ ಕಾವಲಿ. ನಮ್ಮವರು ಹೇಗೋ ಓಡಿ ದಾಟುತ್ತಾರೆ, ಪಾಪ, ಹೊರದೇಶದವರ ಅಂಗಾಲು ತಡೆಯುವುದಿಲ್ಲ. ಕೊನೆಗೆ ಚೀಲದಿಂದ ಒಂದು ಹಿಡಿ ಬಾಳೆನಾರು ತೆಗೆದು ಬಕೆಟ್ಟಿನ ನೀರಿಗೆ ಅದ್ದಿಡುತ್ತಾರೆ. ಮಲ್ಲಿಗೆ ಕಟ್ಟಲಿಕ್ಕೆ ಅಂದುಕೊಂಡರೆ ತಪ್ಪು.

ಬಸದಿಯೊಳಗೆ ಚರ್ಮದ ವಸ್ತು ಒಯ್ಯುವಂತಿಲ್ಲ. ಚಪ್ಪಲಿ, ಶೂಗಳ ಜೊತೆ ಬೆಲ್ಟೂ ಲೋಲಾಕ್ಷಿಯ ವಶಕ್ಕೆ ಬರುತ್ತದೆ. ಬೆಲ್ಟು ಬಿಚ್ಚಿದ ಮುದುಕರು ಪ್ಯಾಂಟು ಹಿಡಿದುಕೊಂಡೇ ಒಳಗಿನ ಕೆತ್ತನೆಯ ಕಂಬ ನೋಡಬೇಕು! ಅವರ ಮಾನ ಉಳಿಸುವುದು ಬೆಲ್ಟಿನ ಬದಲು ಸೊಂಟಕ್ಕೆ ಕಟ್ಟುವ ಈ ಬಾಳೆನಾರು.

"ಸುರುವಿಗೆ ನಾನು ಎಲ್ಲಾ ಬೆಲ್ಟು ಒಂದೇ ಗೋಣಿಗೆ ಹಾಕಿದ್ದೆ. ಎಲ್ಲಾ ಕಪ್ಪು! ಸಪೂರದವರಿಗೆ ದಪ್ಪದವರದ್ದು ಹೋಯ್ತು," ಎಂದು ಈಗಲೂ ಬಾಯಿಗೆ ಸೆರಗು ಹಿಡಿದು ನಗುತ್ತಾರೆ. ಅಂದಿನಿಂದ ಬೆಲ್ಟನ್ನು ಸುತ್ತಿ ಅವರವರ ಶೂವಿನೊಳಗೇ ಇಡುತ್ತಾರೆ.

ಚಳಿಗಾಲದಲ್ಲಿ ಮಂಗಳೂರಿನ ಬಂದರಿಗೆ ಪ್ರವಾಸಿ ಹಡಗು ಬಂದರೆ ಬಸದಿಗೂ ಜನ. ಒಂದು ಕಾಲಕ್ಕೆ ಹಡಗಿನವರ ಬಸ್ಸುಗಳು ರಸ್ತೆಯ ತಿರುವಿನವರೆಗೂ ನಿಲ್ಲುತ್ತಿದ್ದವು. ಕೊರೊನಾದಲ್ಲಿ ಎಲ್ಲ ನಿಂತೇಹೋಯಿತು. ಈಗ ಮತ್ತೆ ಬರುತ್ತಿದ್ದಾರೆ, ಆದರೆ ಬಸ್ಸು ಕಡಿಮೆ. ಬಾಡಿಗೆ ಬೈಕಿನಲ್ಲಿ, ಬೆನ್ನಿಗೊಂದು ಚೀಲ ಏರಿಸಿಕೊಂಡು ಒಬ್ಬೊಬ್ಬರೇ ಬರುವ ಹುಡುಗ ಹುಡುಗಿಯರು ಹೆಚ್ಚು. ಅವರಿಗೆ ಬೆಲ್ಟೂ ಇಲ್ಲ, ಅವಸರವೂ ಇಲ್ಲ. "ಮೊದಲಿನವರು ಫೋಟೋ ತೆಗೆದು ಓಡ್ತಿದ್ರು. ಇವರು ನನ್ನ ಹತ್ರ ಕೂತು ಬುತ್ತಿಯಲ್ಲಿ ಎಂತ ಉಂಟು ಅಂತ ನೋಡ್ತಾರೆ," ಎನ್ನುವಾಗ ಲೋಲಾಕ್ಷಿಗೆ ಖುಷಿಯೇ.

ಆದರೆ ಖುಷಿಯಿಂದ ಕೆಲಸ ಉಳಿಯಬೇಕಲ್ಲ. ಮೊನ್ನೆ ಗೇಟಿನ ಬಳಿ ಚಪ್ಪಲಿ ಇಡುವ ಕಬ್ಬಿಣದ ಸ್ಟ್ಯಾಂಡ್ ಬಂದಿದೆ. ಹಡಗಿನವರು ಹೀಗೆ ಕಡಿಮೆಯಾದರೆ ಇನ್ನು ಭಾನುವಾರ ಮಾತ್ರ ಬಂದರೆ ಸಾಕೆಂದು ಮ್ಯಾನೇಜರ್ ಶೋಧನ್ ಹೇಳಿದ್ದಾರೆ. ಇವತ್ತು ಭಾನುವಾರ, ಈ ಚಳಿಗಾಲದ ಮೊದಲ ಹಡಗು ಬರುವ ದಿನ. ಲೋಲಾಕ್ಷಿ ನಾರನ್ನು ಮತ್ತೆ ಮತ್ತೆ ನೀರಿಗೆ ಅದ್ದುತ್ತಾರೆ, ಕಣ್ಣು ಮಾತ್ರ ರಸ್ತೆಯ ಮೇಲೆ.

ಬಿಸಿಲು ಏರುವಾಗ ಒಂದು ಬಸ್ಸು ಬರುತ್ತದೆ. ಅದರ ಬೆನ್ನಿಗೇ ಇನ್ನೊಂದು. ಶೂಗಳೆಲ್ಲ ಸ್ಟ್ಯಾಂಡ್ ಸೇರುತ್ತವೆ. ಬೆಲ್ಟು ಬಿಚ್ಚಿದ ಅಜ್ಜಂದಿರು ಮಾತ್ರ ಪ್ಯಾಂಟು ಹಿಡಿದು ಶೋಧನ್ ಮುಖ ನೋಡುತ್ತಾರೆ. ಶೋಧನ್ ಸ್ಟ್ಯಾಂಡಿನ ಮುಖ ನೋಡುತ್ತಾರೆ. "ಹೆದರ್ಬೇಡಿ ಅಜ್ಜ, ಕಟ್ಟುವ," ಎಂದು ಲೋಲಾಕ್ಷಿ ಒಬ್ಬೊಬ್ಬರ ಕೈಗೂ ನಾರು ಕೊಟ್ಟು, ಗಂಟು ಹಾಕುವುದನ್ನು ತನ್ನ ಸೊಂಟದಲ್ಲೇ ತೋರಿಸುತ್ತಾರೆ. ಅಜ್ಜಂದಿರು ನಗುತ್ತಾ ಗೋಣಿಯ ಮೇಲೆ ಒಳಗೆ ನಡೆಯುತ್ತಾರೆ.

"ನಾಳೆಗೂ ನಾರು ತನ್ನಿ ಅಕ್ಕ," ಎನ್ನುತ್ತಾರೆ ಶೋಧನ್.

ನಾಳೆ ಸೋಮವಾರ. ಲೋಲಾಕ್ಷಿ ಬಗ್ಗಿ ಬೆಲ್ಟು ಸುತ್ತಲು ತೊಡಗುತ್ತಾರೆ. ಕಣ್ಣಂಚು ಒದ್ದೆಯಾಗಿದೆ, ತುಟಿಯಲ್ಲಿ ನಗುವಿದೆ. ಇನ್ನೇನಾದರೂ ಆಸೆ ಉಂಟಾ ಎಂದು ನಾವು ಕೇಳಿದರೆ, ಸುತ್ತಿದ ಬೆಲ್ಟನ್ನು ಶೂವಿನೊಳಗಿಟ್ಟು ತಲೆ ಎತ್ತುತ್ತಾರೆ.

"ಒಂದು ಸಲ ಆ ಹಡಗು ಹತ್ತಿ ನೋಡ್ಬೇಕು. ಆದ್ರೆ ಅಲ್ಲಿ ನನ್ನ ಚಪ್ಪಲಿ ನೋಡ್ಲಿಕ್ಕೆ ಜನ ಉಂಟಾ, ಇಲ್ವಾ?"