ಮೂರು ಉಸಿರಿನ ಮಾತು

ನಮ್ಮ ಕಟ್ಟಡದ ಕೆಳಗೆ ಇಡ್ಲಿ-ದೋಸೆ ಹಿಟ್ಟು ಮಾರುತ್ತಿದ್ದ ಶೀನಣ್ಣ ನಿಲ್ಲುತ್ತಿದ್ದುದು ಹೆಣ್ಣಿನ ಹಾಗೆ. ಮೈಭಾರವೆಲ್ಲ ಎಡಗಾಲಿನ ಮೇಲೆ, ಬಲಗಾಲಿನ ಹೆಬ್ಬೆರಳು ಮಾತ್ರ ನೆಲಕ್ಕೆ, ಒಂದು ಕೈ ಸೊಂಟದಲ್ಲಿ. ಗ್ರೈಂಡರಿನ ಸದ್ದಿಗೆ ತಲೆ ಸ್ವಲ್ಪ ವಾಲಿಸಿ, ಯಾರೋ ದೂರದಿಂದ ಕರೆದದ್ದು ಕೇಳಿಸಿತೋ ಎಂಬಂತೆ ಕಣ್ಣು ಹೊರಳಿಸುತ್ತಿದ್ದರು. ಮುಖದ ಮೇಲೆ ಮಾತ್ರ ಪೊಲೀಸ್ ಹವಾಲ್ದಾರರಿಗೆ ಒಪ್ಪುವಂಥ ದಪ್ಪ ಬಿಳಿ ಮೀಸೆ. ಲೋಕಲ್ ರೈಲು ಹಿಡಿಯಲು ಠಾಕುರ್ಲಿ ಸ್ಟೇಷನ್ನಿಗೆ ಓಡುವವರು ಕೂಡ ಒಂದು ಕ್ಷಣ ನಿಂತು ಈ ಮೀಸೆಯನ್ನೂ ಆ ನಿಲುವನ್ನೂ ಹೊಂದಿಸಿಕೊಳ್ಳಲು ನೋಡಿ, ಆಗದೆ, ಮುಂದೆ ಓಡುತ್ತಿದ್ದರು.

ಹೊಂದಿಕೆ ಸರಳವಾಗಿತ್ತು. ಕರಾವಳಿಯಿಂದ ಹುಡುಗನಾಗಿ ಬಂದು ಹೊಟೇಲುಗಳಲ್ಲಿ ದುಡಿದ ಶೀನಣ್ಣ, ಇಪ್ಪತ್ತು ವರ್ಷ ಇಲ್ಲಿನ ಹವ್ಯಾಸಿ ಯಕ್ಷಗಾನ ಮೇಳದಲ್ಲಿ ಹೆಣ್ಣಿನ ಪಾತ್ರ ಮಾಡಿದವರು. ಮೈ ದಪ್ಪಗಾದಾಗ ವೇಷ ಬಿಟ್ಟರು, ಮೀಸೆ ಬಿಟ್ಟರು. ಕಾಲುಗಳಿಗೆ ಮಾತ್ರ ಯಾರೂ ಆ ಸುದ್ದಿ ತಲುಪಿಸಿರಲಿಲ್ಲ.

ನಾನು ಬೇಲಾಪುರದ ಒಂದು ಖಾಸಗಿ ಕಚೇರಿಯಲ್ಲಿ ನಕ್ಷೆ ತಯಾರಿಸುವವಳು. ಮಾತು ಕಡಿಮೆ. ಠಾಣೆ ಸ್ಟೇಷನ್ನಿನಲ್ಲಿ ರೈಲು ಬದಲಿಸಿ ಹೋಗಿ ಬರುವ ಆ ಹೊತ್ತಿನಲ್ಲಿ ನನಗೊಂದು ಗುಟ್ಟಿನ ಚಟವಿತ್ತು. ಜಪಾನಿನ ಒಂದು ಸರಣಿ. ನಾನೂರು ವರ್ಷದ ಹಿಂದೆ ಸತ್ತ ಸಮುರಾಯಿಯೊಬ್ಬ ಹುಣ್ಣಿಮೆಗೊಮ್ಮೆ ಎದ್ದುಬಂದು, ಚಹಾದಂಗಡಿ ನಡೆಸುವ ಹುಡುಗಿಯೊಬ್ಬಳನ್ನು ಕಾಯುತ್ತಾನೆ. ಕತ್ತಿ, ಮಂಜು, ಶಾಪ, ಪ್ರೇಮ. ಭೂಗೋಳದಲ್ಲಿ ಎಂ.ಎ. ಮಾಡಿದವಳು ಇದನ್ನು ನೋಡುತ್ತೇನೆಂದು ಯಾರಿಗೂ ಹೇಳಿರಲಿಲ್ಲ.

ಒಂದು ಶನಿವಾರ ಸಂಜೆ ಹಿಟ್ಟು ರುಬ್ಬುವುದನ್ನು ಕಾಯುತ್ತ ಮೊಬೈಲ್ ತೆರೆದಿದ್ದೆ. ಕೌಂಟರಿನ ಮೇಲಿಂದ ಬಿಳಿ ಮೀಸೆ ಬಾಗಿತು.

"ಇದು ಯಾವ ಮೇಳದ ಆಟ ಮಾರಾಯ್ತಿ?"

ನಾನು ಮೊಬೈಲ್ ಮುಚ್ಚುವಷ್ಟರಲ್ಲಿ ಅವರು ಕೈ ಅಡ್ಡ ಹಿಡಿದರು. "ತಡಿ, ತಡಿ. ಈ ಬಿಳಿ ಕೂದಲಿನವ ಯಾರು?"

"ಅಂವ ನಾಯಕನ ವೈರಿ. ಮುಂದ ಗೆಳೆಯ ಆಗತಾನ."

"ಪುಂಡುವೇಷ," ಎಂದರು ಶೀನಣ್ಣ, ರಕ್ತಪರೀಕ್ಷೆಯ ವರದಿ ಓದುವ ಡಾಕ್ಟರರ ಹಾಗೆ. "ಎಳೆ ಪ್ರಾಯದ ವೀರ. ಕುಣಿತ ಜಾಸ್ತಿ, ಆಯುಷ್ಯ ಕಮ್ಮಿ. ಆ ಹುಡುಗಿಗೆ ಬರುವ ಬಾಣ ಇವನು ತಗೊಳ್ತಾನೆ, ನೋಡ್ತಾ ಇರು."

ಅವರು ನೋಡಿದ್ದು ಒಂದು ನಿಮಿಷ. ನಾನು ಒಂಬತ್ತು ಕಂತು ನೋಡಿ, ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ಕರವಸ್ತ್ರ ಒದ್ದೆ ಮಾಡಿಕೊಂಡು ತಿಳಿದ ಸಂಗತಿ ಅದು. ಬಾಣವೂ ಸೇರಿ ಸರಿಯಾಗಿತ್ತು. ನನಗೆ ಸಿಟ್ಟೇ ಬಂತು.

"ನಿಮಗ ಹೆಂಗ ಗೊತ್ತಾತು?"

"ಮುಖ ಯಾಕೆ ನೋಡ್ತೀ? ಪಾದ ನೋಡು. ಅವ ಬಾಗಿಲಿಗೆ ಬರುವಾಗ ಮೊದಲು ಹಿಮ್ಮಡಿ ಬಂತು. ಹಿಮ್ಮಡಿಯಲ್ಲಿ ಬರುವವ ಬಾಳುವುದಿಲ್ಲ."

ಅಂದು ಮನೆಗೆ ಹೋದಾಗ ಅಮ್ಮ ಬಾಗಿಲಲ್ಲೇ ಕೇಳಿದಳು: "ಹಿಟ್ಟ ತರಾಕ ಹೋದಾಕಿ, ಗೋಧಿ ಬಿತ್ತಿ ಬೆಳದು ತಂದಿ ಏನ?" ಇಡ್ಲಿಗೆ ಗೋಧಿ ಬೇಡ ಎಂದು ತಿದ್ದುವಷ್ಟು ವ್ಯವಧಾನ ನನಗಿರಲಿಲ್ಲ. ತಲೆಯೊಳಗೆ ಪಾದಗಳು ಓಡಾಡುತ್ತಿದ್ದವು. ನಾನು ಎಲ್ಲ ಕಂತುಗಳನ್ನೂ ಮೊದಲಿಂದ ತೆಗೆದು ಬರೀ ಪಾದ ನೋಡಿದೆ. ನರಿಯಿಂದ ಹೆಣ್ಣಾಗುವ ಮಾಯಾವಿಯ ಹೆಜ್ಜೆ ನೆಲಕ್ಕೆ ತಾಗುತ್ತಲೇ ಇರಲಿಲ್ಲ! ಮರುವಾರ ಅದನ್ನು ಹೇಳಿದಾಗ ಶೀನಣ್ಣ ಕುಣಿದೇಬಿಟ್ಟರು. "ಹೆಣ್ಣು ಬಣ್ಣ! ರಾಕ್ಷಸಿ ಚಂದದ ಹುಡುಗಿಯಾಗಿ ಬರುವ ವೇಷ. ಜಪಾನಿನಲ್ಲೂ ಉಂಟಾ? ಭಲೇ!"

ಹೀಗೆ ಅವರು ಆ ಇಡೀ ಸರಣಿಯನ್ನು ತಮ್ಮ ಪೆಟ್ಟಿಗೆಗಳಿಗೆ ಹಾಕಿದರು. ಹೆಂಡ ಕುಡಿದು ಸತ್ಯ ಹೇಳುವ ಸನ್ಯಾಸಿ, ಹಾಸ್ಯಗಾರ. ಕೋಟೆಯ ದೊರೆ, ಕಿರೀಟವೇಷ: "ಕೂತಲ್ಲೇ ಅರ್ಧ ಆಟ ಕಳೀತಾನೆ." ಚಹಾದಂಗಡಿಯ ಹುಡುಗಿ ಬಂದಾಗ ಮಾತ್ರ ಅವರು ತೂಗುತ್ತಿದ್ದ ಹಿಟ್ಟನ್ನು ಬಿಟ್ಟು ನೋಡಿದರು. ಅವಳು ತೊದಲುತ್ತ ಚಹಾ ಕೊಡುವವಳು, ಸಮಯ ಬಂದರೆ ಕತ್ತಿಯನ್ನೂ ಎತ್ತುವವಳು.

"ಇವಳು ಗರತಿ ಅಲ್ಲ. ಕಸೆ ಸೀರೆ ಉಡುವವಳು, ಯುದ್ಧಕ್ಕೆ ನಿಲ್ಲುವ ಹೆಣ್ಣು," ಎಂದರು ಕೊನೆಗೆ, ಮೆಲ್ಲಗೆ. "ನನ್ನ ವೇಷ."

ಆ ದಿನಗಳಲ್ಲೇ ಅವರಿಗೊಂದು ಕಷ್ಟ ಬಂದಿತ್ತು. ಡೊಂಬಿವ್ಲಿಯ ನಮ್ಮ ಕನ್ನಡ ಸಂಘದ ಹಾಲಿನಲ್ಲಿ ಭಾನುವಾರ ಬೆಳಗ್ಗೆ ಅವರು ಮಕ್ಕಳಿಗೆ ಯಕ್ಷಗಾನ ಕಲಿಸುತ್ತಿದ್ದರು. ಒಂದು ಕಾಲಕ್ಕೆ ತುಂಬಿದ್ದ ತರಗತಿಯಲ್ಲಿ ಈಗ ನಾಲ್ಕು ಹುಡುಗಿಯರು. ಸಂಘದ ಕಾರ್ಯದರ್ಶಿ ನೇರವಾಗಿ ಹೇಳಿದ್ದರು: "ಶೀನಣ್ಣ, ಯೋಗದವರು ಹಾಲ್ ಕೇಳ್ತಾ ಇದ್ದಾರೆ ಮಾರ್ರೆ. ವಾರ್ಷಿಕೋತ್ಸವದವರೆಗೆ ನೋಡುವ. ಆಮೇಲೂ ನಾಲ್ಕೇ ಆದರೆ ನನ್ನ ಕೈಯಲ್ಲಿಲ್ಲ."

ಆ ಹಾಲ್ ಹೋದರೆ ಶೀನಣ್ಣನಿಗೆ ಉಳಿಯುವುದು ಗ್ರೈಂಡರ್ ಒಂದೇ. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ನನ್ನ ಹಿಟ್ಟಿನ ಚೀಲಕ್ಕೆ ಗಂಟು ಹಾಕುತ್ತ, "ಆ ನಾಲ್ಕೂ ಜನ ನಿನ್ನ ಸತ್ತವನ ಸರಣಿಯನ್ನೇ ನೋಡುವುದಂತೆ. ಅದನ್ನೇ ಪ್ರಸಂಗ ಮಾಡಿದರೆ ಹೇಗೆ? ಮಾತು ನೀನು ಬರಿ," ಎಂದರು.

"ನನ್ನ ಹೆಸರ ಎಲ್ಲೂ ಬರಬಾರದು."

"ಬರುವುದಿಲ್ಲ, ಬೇಲಾಪುರ." ಅವರು ನನ್ನನ್ನು ಕರೆಯುತ್ತಿದ್ದುದೇ ಹಾಗೆ.

ಭಾನುವಾರ ಮಧ್ಯಾಹ್ನ ಅರ್ಧ ಷಟರ್ ಎಳೆದು, ಉದ್ದಿನ ಮೂಟೆಗಳ ನಡುವೆ ಕೂತು ನಾವು ಸರಣಿ ನೋಡುತ್ತಿದ್ದೆವು. ಪರದೆಯ ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ನಾನು ಕನ್ನಡದಲ್ಲಿ ಹೇಳಬೇಕು. ಯುದ್ಧ, ಶಾಪ, ಸಂಚು ಎಲ್ಲ ಚೆನ್ನಾಗಿಯೇ ಹೇಳಿದೆ. ಕೊನೆಯ ಕಂತು ಬಂತು. ಸಮುರಾಯಿ ಶಾಶ್ವತವಾಗಿ ಹೊರಡುತ್ತಾನೆ. ಹುಡುಗಿ ಅವನೆದುರು ನಿಂತು ಮಾತಾಡುತ್ತಾಳೆ.

"ಹೋಗಿ ಬಾ, ಚಹಾ ಮಾಡಿ ಇಡತೀನಿ ಅಂತಾಳ," ಎಂದೆ.

ಶೀನಣ್ಣ ಪರದೆಯ ಮೇಲೆ ಬೆರಳಿಟ್ಟು ನಿಲ್ಲಿಸಿದರು. ಮೂರು ಬೆರಳು ಎತ್ತಿದರು. "ಅವಳು ಮಾತಾಡಿದ್ದು ಮೂರು ಉಸಿರು. ನಾನು ಎಣಿಸಿದ್ದೇನೆ. ನೀನು ಹೇಳಿದ್ದು ಅರ್ಧ ಉಸಿರು. ಉಳಿದ ಎರಡೂವರೆ ಎಲ್ಲಿಗೆ ಹೋಯ್ತು?"

"ಅದರಾಗ ಏನೂ ಇಲ್ಲ. ಬರೇ ಪ್ರೀತಿ-ಗೀತಿ ಮಾತು."

"ಹಿಟ್ಟಿನಲ್ಲಿ ಉದ್ದು ತೆಗೆದಿಟ್ಟು, ಬರೀ ಅಕ್ಕಿ ಅಂತ ಹೇಳ್ತೀಯಲ್ಲ! ಅದನ್ನೇ ಹೇಳು."

ಮೂಟೆಯ ಕಡೆ ಮುಖ ತಿರುಗಿಸಿ, ನಕ್ಷೆಯ ಅಳತೆ ಓದುವ ದನಿಯಲ್ಲಿ ಹೇಳಿದೆ: ನೀನು ಸತ್ತವನೆಂದು ಮೊದಲ ದಿನವೇ ಗೊತ್ತಿತ್ತು, ಆದರೂ ಎರಡು ಬಟ್ಟಲು ಇಟ್ಟೆ. ನಾಳೆಯೂ ಎರಡೇ ಇಡುತ್ತೇನೆ. ನೀನು ಕುಡಿಯದಿದ್ದರೆ ಆರಲಿ, ಆರಿದ್ದನ್ನು ನೋಡಿ ಇಷ್ಟು ಹೊತ್ತು ನೀನಿಲ್ಲಿ ಕೂತಿದ್ದೆ ಎಂದುಕೊಳ್ಳುತ್ತೇನೆ.

ಶೀನಣ್ಣ ಮೀಸೆ ನೀವಿಕೊಂಡು ಆ ದೃಶ್ಯವನ್ನು ಮತ್ತೆ ಮೊದಲಿಂದ ಹಾಕಿದರು.

ಆದರೂ ಪ್ರಸಂಗ ಬರೆಯುವಾಗ ನಾನು ಆ ಮಾತು ಹಾಕಲಿಲ್ಲ. 'ನಾಯಕಿ ನಮಸ್ಕರಿಸಿ ನಿರ್ಗಮಿಸುತ್ತಾಳೆ' ಎಂದು ಬರೆದೆ. ಶೀನಣ್ಣ ಒಂದೇ ಮಾತು ಹೇಳಿದರು: "ಸ್ತ್ರೀವೇಷ ಮಾತಾಡದೆ ರಂಗ ಬಿಟ್ಟರೆ ಚೌಕಿಯಲ್ಲಿ ಬಣ್ಣ ತೆಗೆದು ಕೂತಾಗ ಅನ್ನ ಇಳಿಯುವುದಿಲ್ಲ. ಇರಲಿ. ನಿನ್ನ ಪ್ರಸಂಗ."

ಉಳಿದದ್ದೆಲ್ಲ ಹಬ್ಬ. ಸತ್ತ ಸಮುರಾಯಿಗೆ ಯಾವ ವೇಷ ಎಂಬುದೇ ಎರಡು ವಾರದ ಜಗಳ. ಭೂತಪ್ರೇತವಾದರೆ ಬಣ್ಣದ ವೇಷ, ರಾಕ್ಷಸರದ್ದು. ಪ್ರೀತಿಸುವ ವೀರನಾದರೆ ಕಿರೀಟ. ಒಂದು ಬೆಳಗ್ಗೆ ಅವರು ಅಂಗಡಿಯಿಂದಲೇ ಕೂಗಿದರು: "ಬೇಲಾಪುರ! ಮುಖದ ಎಡಕ್ಕೆ ಚುಟ್ಟಿ, ಬಲಕ್ಕೆ ಕಿರೀಟದ ನಾಮ! ಅರ್ಧ ಸತ್ತವ, ಅರ್ಧ ಗಂಡ!" ಎರಡನೇ ಮಹಡಿಯ ಕಿಟಕಿಯಲ್ಲಿ ನಿಂತು ನಾನೂ ಚಪ್ಪಾಳೆ ತಟ್ಟಿದೆ. ನನ್ನ ಮಟ್ಟಿಗೆ ಅದು ಬೀದಿಯಲ್ಲಿ ಕುಣಿದ ಹಾಗೆ. ರಾಕ್ಷಸರ ಮುಖಕ್ಕೆ ಚುಕ್ಕಿ ಚುಕ್ಕಿಯಾಗಿ ಇಡುವ ಆ ಚುಟ್ಟಿಗೆ ಅಕ್ಕಿ ಅವರ ಗ್ರೈಂಡರಿನಲ್ಲೇ ಅರೆದದ್ದು. ಹುಡುಗಿಯರಿಗೆ ಕನ್ನಡ ಓದಲು ಬಾರದು. ನಾನು ಮಾತುಗಳನ್ನೆಲ್ಲ ದೇವನಾಗರಿಯಲ್ಲಿ ಬರೆದುಕೊಟ್ಟೆ. ಸಮುರಾಯಿ ಆಗಿದ್ದ ಸಾನಿಕಾ ಎಂಬ ಹದಿನಾರರ ಹುಡುಗಿ ಬೆಸ್ಟ್ ಫ್ರೆಂಡಿಗೂ ಅದೇ ದನಿಯಲ್ಲಿ "ಎಲೈ ದುರುಳಾ, ಚಲ್ ಹಟ್" ಎನ್ನತೊಡಗಿದ್ದಳು.

ವಾರ್ಷಿಕೋತ್ಸವ ಠಾಣೆಯ ಒಂದು ಸಭಾಗೃಹದಲ್ಲಿ, ಭಾನುವಾರ ನಾಲ್ಕು ಗಂಟೆಗೆ. ವಾರವಿಡೀ ಲೋಕಲ್ಲಿನಲ್ಲಿ ನೇತಾಡುವ ನಾವು ಅಷ್ಟೂ ಜನ ಒಂದು ವಿಷಯ ಮರೆತಿದ್ದೆವು. ಭಾನುವಾರ ಹಳಿ ರಿಪೇರಿಗೆ ಗಂಟೆಗಟ್ಟಲೆ ಗಾಡಿ ನಿಲ್ಲಿಸುವ ಮೆಗಾಬ್ಲಾಕ್. ನಾಯಕಿಯಾಗಬೇಕಿದ್ದ ರಿಯಾ ಅಂಬರನಾಥದಲ್ಲಿ ಸಿಕ್ಕಿಬಿದ್ದಳು. ಅವಳಪ್ಪ ರಿಕ್ಷಾ ಹಿಡಿದು ಹೊರಟು, ಶಿಳಫಾಟದ ಟ್ರಾಫಿಕ್ಕಿನಲ್ಲಿ ನಿಂತು ಫೋನ್ ಮಾಡಿದರು: ಐದೂವರೆಗೆ ಮೊದಲು ಸಾಧ್ಯವಿಲ್ಲ.

ಕಾರ್ಯದರ್ಶಿ ಬೆವರು ಒರೆಸಿಕೊಂಡರು. "ನಾಯಕಿಯೇ ಇಲ್ಲ ಅಂದ್ಮೇಲೆ ಎಂತ ಆಟ? ಎರಡು ಭಾಷಣ ಮಾಡಿ ಊಟ ಹಾಕುವ."

ಬಣ್ಣ ಹಚ್ಚುವ ಚೌಕಿಯಲ್ಲಿ ಮೂರು ಹುಡುಗಿಯರು ಬಣ್ಣದ ಮುಖದಲ್ಲೇ ಅಳುವ ಹಂತದಲ್ಲಿದ್ದರು. ಶೀನಣ್ಣ ಅವರನ್ನೊಮ್ಮೆ ನೋಡಿದರು.

"ಯಾರಾದ್ರೂ ಒಂದು ರೇಜರ್ ತನ್ನಿ."

"ಶೀನಣ್ಣ, ನಿಮಗೆ ಅರವತ್ತೆಂಟು!" ಎಂದರು ಕಾರ್ಯದರ್ಶಿ.

"ಗಂಡ ನಾನೂರು ವರ್ಷದವ. ಅವನೆದುರು ನಾನು ಎಳೆ ಹುಡುಗಿ, ಸುಮ್ಮನಿರಿ."

ಕನ್ನಡಿ ಹಿಡಿದವಳು ನಾನೇ. ಮೀಸೆ ಬಿದ್ದ ಕೂಡಲೇ ಅಲ್ಲೊಬ್ಬಳು ಹೆಂಗಸಿದ್ದಳು. ಕಾಡಿಗೆ ಎಳೆದುಕೊಳ್ಳುತ್ತ ಅವರು ಕನ್ನಡಿಯಿಂದಲೇ ನನ್ನನ್ನು ಕೇಳಿದರು, "ಕಡೆಗೆ ನಮಸ್ಕಾರ ಮಾಡಿ ಹೋಗುವುದಲ್ವಾ? ನೀನು ಬರೆದ ಹಾಗೆ?"

"ಹೌದು."

"ಸರಿ ಸರಿ," ಎಂದರು. ಆ 'ಸರಿ' ಎರಡು ಸಲ ಬಂದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಚೆಂಡೆ ಏರಿತು. ಮೊದಲು ಕೆಲವರು ನಕ್ಕರು. ದಪ್ಪ ಹೊಟ್ಟೆ, ಕಸೆ ಸೀರೆ. ಆಮೇಲೆ ಆ ಪಾದ ಬಂತು, ಹೆಬ್ಬೆರಳು ಮೊದಲು, ಹಿಮ್ಮಡಿ ಆಮೇಲೆ. ನಗು ನಿಂತಿತು. ಮುಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತಿದ್ದ ಮಕ್ಕಳು ತಲೆಯೆತ್ತಿದರು. ಬಿಳಿ ಕೂದಲಿನವ ಬಾಣ ತಿಂದು ಬಿದ್ದಾಗ ಯಾರೋ ಹುಡುಗ "ನಹೀಂ ಯಾರ್!" ಎಂದು ಕಿರುಚಿದ.

ಕೊನೆಯ ದೃಶ್ಯ. ಶೀನಣ್ಣ ನಮಸ್ಕರಿಸಿದರು, ಬರೆದ ಹಾಗೆಯೇ. ನಿರ್ಗಮಿಸಲಿಲ್ಲ. ತಲೆಯೆತ್ತಿ, ದೀರ್ಘವಾಗಿ ಉಸಿರೆಳೆದುಕೊಂಡರು.

"ಸತ್ತವನೆಂದು ಮೊದಲ ದಿವಸವೇ ತಿಳಿದಿತ್ತು, ಸ್ವಾಮೀ. ತಿಳಿದೂ ಎರಡು ಬಟ್ಟಲು ಇಟ್ಟವಳು ನಾನು..."

ಮೂಟೆಗೆ ಮುಖ ಮಾಡಿ ನಾನು ಒಣದಾಗಿ ಒಪ್ಪಿಸಿದ್ದ ಮಾತು ಅದು. ಅವರ ಬಾಯಲ್ಲಿ ಅದು ಇಡೀ ಹಾಲಿಗೆ ಹರಡಿತು. ಒಂದು, ಎರಡು, ಮೂರು ಉಸಿರು. ನನ್ನ ಪಕ್ಕ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ಆದರೆ ಈಗ ಸಮುರಾಯಿ ಉತ್ತರಿಸಬೇಕು. ಸಾನಿಕಾಳ ದೇವನಾಗರಿ ಹಾಳೆಯಲ್ಲಿ ಆ ಉತ್ತರವಿರಲಿಲ್ಲ, ನಾನು ಬರೆದಿರಲಿಲ್ಲ. ಭಾಗವತರ ಕೈ ತಾಳದ ಮೇಲೆ ನಿಂತಿತು. ಹುಡುಗಿ ಕಣ್ಣರಳಿಸಿ ಶೀನಣ್ಣನನ್ನು ನೋಡಿದಳು. ಅವರು ಹುಬ್ಬಿನಲ್ಲೇ 'ಹೇಳು' ಎಂದರು.

"ಎಲೌ ಪ್ರಿಯೆ," ಎಂದಳು ಸಾನಿಕಾ, ಚುಟ್ಟಿಯ ಕೆನ್ನೆ ಅದುರಿಸಿ. "ಎರಡು ಯಾಕೆ? ಒಂದೇ ಕಟಿಂಗ್ ಚಾಯ್, ಬಸ್. ಆಧಾ ನೀನು ಕುಡಿ, ಆಧಾ ನನಗೆ ಇಡು. ನಾನು ಬರ್ತೇನೆ. ಪಕ್ಕಾ."

ಹಾಲ್ ಎದ್ದು ನಿಂತಿತು. ಸೀಟಿ, ಚಪ್ಪಾಳೆ, ಚೆಂಡೆ, ಯಾವುದು ಯಾವುದೆಂದು ತಿಳಿಯಲಿಲ್ಲ. ನಾನೂ ಎದ್ದು ಕೂಗಿದೆನಂತೆ. ಅಮ್ಮ ಇವತ್ತಿಗೂ ಹೇಳುತ್ತಾಳೆ, ನಾನು ಒಪ್ಪುವುದಿಲ್ಲ. ಪರದೆ ಬೀಳುವ ಹೊತ್ತಿಗೆ ರಿಯಾ ಓಡಿಬಂದು, ತನ್ನ ಪಾತ್ರ ಹೋಯಿತೆಂದು ಸೊಂಟಕ್ಕೆ ಕೈಯಿಟ್ಟು ನಿಂತಳು: "ಅಂಕಲ್, ಮೇರಾ ರೋಲ್ ಖಾ ಗಯೇ!" ಪ್ರಸಂಗ ಬರೆದವರು ಯಾರೆಂದು ಮೈಕಿನಲ್ಲಿ ಕೇಳಿದಾಗ ಶೀನಣ್ಣ ನಾಚಿಕೊಂಡು, ಸೆರಗು ಸರಿಮಾಡಿಕೊಂಡು, "ಬೇಲಾಪುರ," ಎಂದರು. ಜನ ಯಾವುದೋ ಊರಿನ ಹಳೆಯ ಕವಿ ಎಂದುಕೊಂಡು ಮತ್ತೊಮ್ಮೆ ಚಪ್ಪಾಳೆ ತಟ್ಟಿದರು.

ಮರುವಾರ ಸಂಘದ ಹಾಲಿನ ಹೊರಗೆ ಚಪ್ಪಲಿಗಳಿಗೆ ಜಾಗ ಸಾಲಲಿಲ್ಲ. ಯೋಗದವರಿಗೆ ಶನಿವಾರ ಕೊಟ್ಟರು.

ಈಗ ತರಗತಿಯನ್ನು ಬೇರೆಯವರು ನಡೆಸುತ್ತಾರೆ. ಮಾತು ಬರೆದುಕೊಡುವವಳು ನಾನು, ಹೆಸರು ಹಾಕದೆಯೇ. ನಮ್ಮ ಕಟ್ಟಡದ ಕೆಳಗಿನ ಅಂಗಡಿಯಲ್ಲಿ ಮೊಬೈಲಿನ ಕವರುಗಳು ನೇತಾಡುತ್ತವೆ. ಶೀನಣ್ಣ ತೀರಿಕೊಂಡು ಒಂದು ವರ್ಷವಾಗುತ್ತ ಬಂತು.

ಕೊನೆಯ ಸಲ ಅವರನ್ನು ನೋಡಿದ್ದು ಖಾರ್ಘರಿನಲ್ಲಿ, ಮಗಳ ಮನೆಯಲ್ಲಿ. ಗಂಟಲಿನ ಆಪರೇಶನ್ ಆಗಿತ್ತು, ಮಾತಾಡುವ ಹಾಗಿರಲಿಲ್ಲ. ಆಸ್ಪತ್ರೆಯಲ್ಲಿ ತೆಗೆದ ಮೀಸೆ ಅರ್ಧ ಬೆಳೆದಿತ್ತು. ಸರಣಿಯ ಎರಡನೇ ಭಾಗ ಆಗಷ್ಟೇ ಮುಗಿದಿತ್ತು. ನಾನು ಹಾಸಿಗೆಯ ಪಕ್ಕ ಕೂತು, ಗೋಡೆಗೆ ಮುಖ ಮಾಡದೆ, ಕೊನೆಯ ಕಂತನ್ನು ಪೂರ್ತಿ ಹೇಳಿದೆ. ಚಹಾದಂಗಡಿಯ ಹುಡುಗಿಗೆ ಈಗ ವಯಸ್ಸಾಗಿದೆ. ಖಾಲಿ ಚಾಪೆಯ ಎದುರು ಕೂತು ಅವಳು ಹೇಳುವುದನ್ನು ಒಂದಕ್ಷರ ಬಿಡದೆ, ಮೊಬೈಲಿನಲ್ಲಿ ಕೇಳುತ್ತಿದ್ದ ಅವಳ ಮೂರು ಉಸಿರಿಗೆ ಉಸಿರು ಹೊಂದಿಸಿ ಹೇಳಿದೆ. ಕಡೆಯಲ್ಲಿ, "ನೀನು ಮಾತಾಡಲಾರದ ದಿನ ನಿನ್ನ ಮಾತನ್ನೂ ನಾನೇ ಆಡುತ್ತೇನೆ" ಎಂದೆ.

ಶೀನಣ್ಣ ಕಣ್ಣು ಮುಚ್ಚಿಯೇ ಕೇಳುತ್ತಿದ್ದರು. ಒಂದೊಂದಾಗಿ ಮೂರು ಬೆರಳು ಎತ್ತಿದರು. ಆಮೇಲೆ ನಿಧಾನವಾಗಿ ನಾಲ್ಕನೆಯದೂ ಎದ್ದಿತು. ಕಣ್ಣು ತೆರೆದು, ಹುಬ್ಬು ಹಾರಿಸಿ, ಆ ನಾಲ್ಕನೇ ಬೆರಳನ್ನು ನನ್ನ ಮುಂದೆ ಅಲ್ಲಾಡಿಸಿದರು: ಇದು ಎಲ್ಲಿಂದ ಬಂತು?

"ಅದು ನಂದು, ಶೀನಣ್ಣ," ಎಂದೆ.