ಓಣಿಯ ಕುರ್ಚಿ

ಗುಳೇದಗುಡ್ಡಕ್ಕೆ ಬಡವರ ಗಣತಿಗೆ ಬಂದಿದ್ದ ವ್ಯಾಸರಾಜ ಮಾಸ್ತರರು ಯಾರ ಮನೆಗೆ ಹೋದರೂ ಮುಖ ನೋಡುವ ಮೊದಲು ಮಾಳಿಗೆ ನೋಡುವವರು. "ಫ್ಯಾನ್ ಅದ ಏನ್ರಿ?" "ಐತ್ರಿ, ತಿರುಗೂದಿಲ್ರಿ." "ತಿರುಗತದೋ ಇಲ್ಲೋ ಅಂತ ಫಾರ್ಮಿನ್ಯಾಗ ಕೇಳಿಲ್ಲ" ಎಂದು ಗುರುತು ಹಾಕಿಯೇಬಿಡುವರು. ಮೂರು ಗುರುತಾದರೆ ಬಡತನ ಮುಗಿಯಿತು, ರೇಷನ್ ಕಾರ್ಡು ರದ್ದು. ನೇಕಾರರ ಓಣಿಯಲ್ಲಂತೂ ಮನೆಮನೆಗೂ ಕುರ್ಚಿ ಕಂಡು, "ಭಾಳ ಸುಧಾರಿಸೀರಿ!" ಎನ್ನುತ್ತ ಹನ್ನೊಂದು ಫಾರ್ಮುಗಳಲ್ಲಿ ಕುರ್ಚಿಗೂ ಗುರುತು ಹಾಕಿದರು. ಹನ್ನೆರಡನೆಯದು ಕುಪ್ಪಸದ ಖಣ ನೇಯುವ ಜುಲೇಖಾಳ ಮನೆ. ಮಾಸ್ತರರು ಕುಳಿತಿರುವಾಗಲೇ ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು, "ಅವರು ಎದ್ದಕೂಡ್ಲೆ ಕುರ್ಚಿ ಕೊಡವಾ, ಮುಂದ ನಮ್ಮ ಪಾಳಿ" ಎಂದಳು. "ಓಣಿಗೆಲ್ಲಾ ಇದೊಂದ ಕುರ್ಚಿ ಏನು?" "ಹೂನ್ರಿ" ಎಂದಳು ಜುಲೇಖಾ, "ಸಾಲಿ ಮಾಸ್ತರನ್ನ ನೆಲಕ್ಕ ಕೂಡಸೂದು ಹ್ಯಾಂಗ್ರಿ?" ಮಾಸ್ತರರು ಮೆಲ್ಲಗೆ ಎದ್ದು ಮಗ್ಗದ ಪಕ್ಕ ನೆಲದ ಮೇಲೆ ಕುಳಿತರು. ಕುರ್ಚಿಯ ಹನ್ನೊಂದೂ ಗುರುತುಗಳನ್ನು ಹೊಡೆದುಹಾಕಿದರು. ಆಮೇಲೆ ಫಾರ್ಮನ್ನು ಮಡಿಚಿಟ್ಟು, ಅದರಲ್ಲಿಲ್ಲದ ಪ್ರಶ್ನೆಯೊಂದನ್ನು ಮೊದಲ ಬಾರಿಗೆ ಕೇಳಿದರು: "ಇವತ್ತ ಒಲಿ ಹಚ್ಚೀಯೇನವಾ?"